ಹದಿನಾಲ್ಕನೇ ಪ್ರಶ್ನೆ

ವಿದ್ಯಾನಗರದ ಹಾಲಿನಾಗ ಎರಡನೇ ಸುತ್ತು.
ಹೊಟ್ಟಿ ಕ್ಯಾನ್ಸರಿಗೆ ದುರ್ಬೀನು ಆಪರೇಷನ್,
ಪ್ರಶ್ನೆ ಹದಿಮೂರು, ಸರ್ಜನ್ನರು ಹನ್ನೊಂದು.
ನಾನು ಕೈ ಎಣಿಸಾಕಿ.

ತೂತು ಐದು ಸಾಕು: ಒಂಬತ್ತು ಕೈ.
ಹೊಕ್ಕಳದ ಕೆಳಗಿಂದು ಕ್ಯಾಮೆರಾಕ್ಕ: ಹನ್ನೊಂದು.
ಕರುಳಿನ ಜೋಡಣಿ ಒಳಗ ಹೊಲಿಯೂದೊ,
ಹೊರಗೆಳದೊ?
ಇಲ್ಲಿ ಚಹಾ ಆರಿತು.

ಸೋಬರದ ಡಾಕ್ಟರ್ ಕನ್ನಡಕ ತೆಗದ್ರು:
"ರಕ್ತ ನಿಲ್ಲಲಿಲ್ಲಂದ್ರ ಹೊಟ್ಟಿ ತೆರೀರಿ.
ಅದು ಸೋಲಲ್ಲ. ಹಂಗs ಬರಕೋವಾ."
ಬರಕೊಂಡೆ. ಹನ್ನೊಂದು.

ಸಂಜೀಕ ವಾರ್ಡಿನಾಗ
ಬೆಟಗೇರಿಯ ನೀಲಗಂಗವ್ವ
ಗಂಡನ ಮೈಮ್ಯಾಲಿನ ಐದು ಪಟ್ಟಿ ಎಣಿಸಿ ಕೇಳಿದ್ಲು:
"ಚೀಲಾನs ತಗದ ಮ್ಯಾಲೆ, ಸಿಸ್ಟರ್,
ರೊಟ್ಟಿ ಎಲ್ಲಿ ಕುಂದರ್ತದ?"

ರೌಂಡ್ಸಿಗೆ ಬಂದವರ ಕಡೆ ನೋಡಿದೆ.
ಯಾರೂ ಕೈ ಎತ್ತಲಿಲ್ಲ.
ನಾನೂ.

ಅಕಿ ಬೆರಳುಗುರಿನಷ್ಟು ಚೂರು ಮುರದು
ಹಾಲಾಗ ನೆನೀಲಿಕ್ಕೆ ಇಟ್ಲು.