ಒಂದೇ ಮೊಳೆ

ಬಾಡಿಗೆ ಕರಾರಿನ ಏಳನೇ ಕಲಮು:
ಹಾಲಿನ ಗೋಡೆಗೆ ಒಂದೇ ಮೊಳೆ.
ಎರಡನೆಯದಕ್ಕೆ ಹತ್ತು ದಿನಾರು ದಂಡ.
ಗುದೈಬಿಯಾದ ಈ ಮೂರನೇ ಮಾಳಿಗೆಗೆ ಬಂದು
ನಲವತ್ತು ದಿನ. ಗೋಡೆ ಇನ್ನೂ ಬೋಳು,
ಹಲ್ಲುಜ್ಜಿಕೊಂಡು ಫೋಟೋಕ್ಕೆ ಕೂತವರ ಹಾಗೆ.

ದಾಮುವಿನ ಲೆಕ್ಕ ಸರಳ:
ಸೋಫಾ ಕಪ್ಪು, ಗೋಡೆ ಬಿಳಿ,
ಚಿತ್ರವೂ ಕಪ್ಪು ಬಿಳುಪೇ ಆಗಲಿ.
"ಬಣ್ಣ ಇದ್ರೆ ಧೂಳು ಕಾಣ್ತದೆ" ಅಂತ ಬೇರೆ.
ಧೂಳು ಕಾಣುವುದು ಕಪ್ಪಿನ ಮೇಲೆಯೇ ಅಂತ
ಹೇಳಲಿಲ್ಲ ನಾನು. ಶಮಾಲ್ ಬೀಸಿದಾಗ ತಾನೇ ನೋಡಲಿ.

ಸೀಫಿನ ದೊಡ್ಡ ಅಂಗಡಿಯಲ್ಲಿ ಸಿಕ್ಕಿತು ಒಂದು.
ಬಾಗಿಲಷ್ಟು ಎತ್ತರ. ಕರಿ ನೆಲ, ಬಿಳಿ ಚುಕ್ಕಿ,
ನಡುವೆ ಬಳೆಯೊಳಗೆ ಬಳೆಯೊಳಗೆ ಬಳೆ.
"ಆಸ್ಟ್ರೇಲಿಯಾದ ಮೂಲನಿವಾಸಿಗಳದ್ದು" ಅಂದ ಸೇಲ್ಸಿನ ಹುಡುಗ,
"ಹದಿನೆಂಟು ದಿನಾರು, ಜೋಡಿ ಕೊಂಡರೆ ಎರಡನೆಯದು ಅರ್ಧ."
ಬರೆದವರು ಯಾರು? ಹಿಂದೆ ತಿರುಗಿಸಿದ:
ಬಾರ್‌ಕೋಡು, ಕೆಳಗೊಂದು ನಂಬರು.
ಚುಕ್ಕಿಗಳೆಲ್ಲ ಒಂದೇ ಅಳತೆ,
ಬೆರಳು ಎಲ್ಲೂ ನಡುಗಿಲ್ಲ, ಬಣ್ಣ ಎಲ್ಲೂ ಮುಗಿದಿಲ್ಲ.

ಪರ್ಸು ತೆಗೆದ ದಾಮು ಹಾಗೇ ನಿಂತ.
ಹಿದ್ದಿನ ಹಡಗು ರಿಪೇರಿ ಕಟ್ಟೆಯಲ್ಲಿ ಮೊದಲ ಆರು ವರ್ಷ
ಇವನ ಹೆಸರು ಎರಡು ಸಾವಿರದ ಇನ್ನೂರ ಹದಿನೇಳು,
ಹೆಲ್ಮೆಟ್ಟಿನ ಹಣೆಯ ಮೇಲೆ ಬಿಳಿ ಪೇಂಟಿನಲ್ಲಿ.
ಊಟದ ಸಾಲಿನಲ್ಲಿ, ಸಂಬಳದ ಕಿಟಕಿಯಲ್ಲಿ,
ಜ್ವರ ಬಂದಾಗ ಆಸ್ಪತ್ರೆಯ ಚೀಟಿಯಲ್ಲೂ ಅದೇ.
ಪರ್ಸು ಮಡಚಿ "ನಡಿ, ಹಸಿವಾಯ್ತು" ಅಂದ.
ಅಷ್ಟೇ ಅಂದದ್ದು.

ಇನ್ನೊಂದು ಇದ್ದದ್ದು ಸಾರಿನ ಕಾಂಪೌಂಡಿನಲ್ಲಿ.
ಮಗಳು ಇಂಚರಳ ಡ್ರಾಯಿಂಗ್ ಟೀಚರು ಬ್ರಾನ್ವಿನ್
ತನ್ನೂರಿಗೆ ವಾಪಸ್ಸು ಹೊರಟು ಸಾಮಾನು ಮಾರುತ್ತಿದ್ದಳು.
ಇಸ್ತ್ರಿ ಪೆಟ್ಟಿಗೆ, ಸೈಕಲ್ಲು, ಬೆಕ್ಕಿಲ್ಲದ ಬೆಕ್ಕಿನ ಬುಟ್ಟಿ,
ಅವುಗಳ ಹಿಂದೆ ಊಟದ ತಟ್ಟೆಯಗಲದ ಕ್ಯಾನ್ವಾಸು.
ಎಂಬತ್ತೈದು ದಿನಾರು.
ದಾಮು ಕೆಮ್ಮಿದ.

ಕಪ್ಪು ಇದರಲ್ಲಿ ಒಂದೇ ಕಪ್ಪಲ್ಲ,
ಒಂದು ಕಡೆ ಬಾಣಲೆಯ ತಳದ್ದು,
ಒಂದು ಕಡೆ ಒಣಗಿದ ಕಲ್ಲಂಗಡಿ ಬೀಜದ್ದು.
ಬಿಳುಪು ಕಡ್ಡಿಯ ತುದಿ ಅದ್ದಿ ಅದ್ದಿ ಇಟ್ಟದ್ದು:
ಅದ್ದಿದ ಹೊಸತರಲ್ಲಿ ದಪ್ಪ, ಆಮೇಲೆ ಸಣ್ಣ, ಸಣ್ಣ,
ಮತ್ತೆ ದಪ್ಪ. ಉಸಿರು ಎಣಿಸಬಹುದು.

ನನ್ನ ಬೆರಳು ತಾನಾಗಿ ಗಾಳಿಯಲ್ಲಿ ಚುಕ್ಕಿ ಸೇರಿಸಹೊರಟಿತು.
ಅಂಕೋಲೆಯಲ್ಲಿ ದೊಡ್ಡಾಯಿ ಶೇಡಿ ಕಲಸಿ
ಮಸಿ ಬೆರೆಸಿ ಸಾರಿಸಿದ ಅಂಗಳದಲ್ಲಿ ಇಡುತ್ತಿದ್ದಳಲ್ಲ,
ಏಳರಿಂದ ಒಂದು, ಅದೇ ಅಂದುಕೊಂಡೆ.
"ನಮ್ಮಲ್ಲೂ ಉಂಟು ಇದು" ಎಂದೆ, ಜಂಬದಿಂದ.
ಬ್ರಾನ್ವಿನ್ ನಕ್ಕಳು. ಅಲ್ಲ ಅನ್ನಲಿಲ್ಲ.
ತನಗೆ ಹೇಳಿದ್ದಷ್ಟನ್ನು ಹೇಳಿದಳು:
ಒಣ ಹೊಳೆಯಲ್ಲಿ ತೋಡಿದರೆ ನೀರು ಸಿಗುವ ಜಾಗ,
ಬರೆದಾಕೆಯ ತಾಯಿಯ ಕಡೆಯ ನೆಲ.
ಉಳಿದ ಕಥೆ ಅವರವರದು, ಹೊರಗಿನವರಿಗಿಲ್ಲ.
ಈ ಚುಕ್ಕಿಗಳನ್ನು ಇಟ್ಟದ್ದೇ
ಅದರ ಮೇಲೆ ಮುಚ್ಚಲಿಕ್ಕೆ.

ಬೆರಳು ಮಡಚಿದೆ.
ಸೇರಿಸಲಿಕ್ಕಲ್ಲದ ಚುಕ್ಕಿಯೂ ಉಂಟಲ್ಲ, ದೊಡ್ಡಾಯಿ.

ದಾಮು ಮಾತ್ರ ಕ್ಯಾನ್ವಾಸು ಬೋರಲು ಹಾಕಿ ಹುಡುಕಿದ.
ಇತ್ತು. ಪೆನ್ಸಿಲಿನಲ್ಲಿ, ಓರೆ ಅಕ್ಷರ, ಇಡೀ ಹೆಸರು.
ಇಂಚರ ಓದಲು ಬಾಯಿ ತೆರೆದಳು,
ಟೀಚರು ಮೆಲ್ಲಗೆ ತಡೆದಳು:
ಆಕೆ ತೀರಿಕೊಂಡು ಐದು ತಿಂಗಳಾಯಿತು,
ಅವಳ ಜನ ಸತ್ತವರ ಹೆಸರು ಕೆಲಕಾಲ ಎತ್ತುವುದಿಲ್ಲ.
ಬರೆದದ್ದು ಇರಲಿ. ಹೇಳುವುದು ಬೇಡ.

ಎಂಬತ್ತಕ್ಕೆ ಕೊಟ್ಟಳು. ಬೆಕ್ಕಿನ ಬುಟ್ಟಿ ಪುಕ್ಕಟೆ.

ಈಗ ಅದು ಕರಾರಿನ ಮೊಳೆಯಲ್ಲಿದೆ.
ಅಷ್ಟು ದೊಡ್ಡ ಗೋಡೆಗೆ ಸಣ್ಣದಾಯಿತು, ನಿಜ.
ಬಂದವರು "ಬಣ್ಣ ಹಚ್ಚೋದು ಬಾಕಿಯಾ?" ಅನ್ನುತ್ತಾರೆ.
ವೀಡಿಯೋದಲ್ಲಿ ನೋಡಿದ ಅತ್ತೆಗೆ ಇದು ಮೊಮ್ಮಗಳ ಶಾಲೆಯ ಕೆಲಸ,
ಬುಟ್ಟಿಯಲ್ಲಿ ಈರುಳ್ಳಿ ಇಟ್ಟದ್ದೇ ಸರಿ ಕಂಡದ್ದು.

ಶುಕ್ರವಾರ ಒಣ ಬ್ರಷ್ಷಿನಲ್ಲಿ ದಾಮು ಧೂಳು ಒರೆಸುತ್ತಾನೆ.
ಒರೆಸಿ, ಒಂದು ಮೂಲೆ ತುಸು ಎತ್ತಿ,
ಹಿಂದೆ ಇಣುಕುತ್ತಾನೆ.
ತುಟಿ ಆಡುವುದಿಲ್ಲ.
ಮತ್ತೆ ಗೋಡೆಗೆ ತಾಗಿಸಿ
ಚಹಾ ಇಡಲು ಹೋಗುತ್ತಾನೆ.