ಗೆರೆಯಾಚೆ ಒಂದು ಕಾಲು

ಗೋಲು ಎಷ್ಟು ಅಂತ ಮೊದ್ಲೇ ಕೇಳ್ಬಿಟ್ಟೆಯಲ್ಲಪ್ಪ,
ಬರ್ಕೊ. ಸೊನ್ನೆ.
ದೇಶದ ಅಂಗಿ ತೊಟ್ಟು ಹದಿನಾಲ್ಕು ವರ್ಷ, ಎಪ್ಪತ್ತೊಂದು ಪಂದ್ಯ,
ಗೋಲಿನ ಮನೇಲಿ ಸೊನ್ನೆ.
ಪೆನ್ನು ಯಾಕೆ ನಿಂತೋಯ್ತು?

ನಾನು ತಳ್ಳೋಳು.
ಪೆನಾಲ್ಟಿ ಕಾರ್ನರ್ ಸಿಕ್ತು ಅಂದ್ರೆ
ಹೊಡೆಯೋಳು ಅಲ್ಲಿ ವೃತ್ತದ ತುದೀಲಿ
ಅಂಗೈ ಒರೆಸ್ಕೊಂಡು ನಿಂತಿರ್ತಾಳೆ,
ನಿಲ್ಸೋಳು ಅವಳ ಪಕ್ಕ, ಮಂಡಿ ಊರಿ.
ನಾನು ಇಲ್ಲಿ, ಗೋಲಿಂದ ಹತ್ತು ಗಜ ದೂರ,
ಒಂದು ಕಾಲು ಗೆರೆಯೊಳಗೆ, ಒಂದು ಕಾಲು ಗೆರೆಯಾಚೆ.
ಬೆನ್ನು ಬಗ್ಗಿಸಿ, ಚೆಂಡಿಗೆ ಕೋಲು ಅಂಟಿಸಿ, ಒಂದೇ ತಳ್ಳು.
ಸದ್ದು ಬರಬಾರದು. ಸದ್ದು ಬಂತೋ, ಅದು ಹೊಡ್ತ.
ತಳ್ಳಿದ ಮೇಲೆ ನನ್ನ ಕಡೆ ಯಾರೂ ನೋಡಲ್ಲ.
ಕ್ಯಾಮೆರಾ ಕೂಡ ಚೆಂಡಿನ ಹಿಂದೇನೇ ಓಡೋಯ್ತದೆ.

ಸಕ್ಕರೆ ಫ್ಯಾಕ್ಟರಿ ಕ್ವಾಟ್ರಸ್ಸಲ್ಲಿ ಬೆಳ್ದೋಳು ನಾನು.
ಅಪ್ಪ ಬಾಯ್ಲರ್ ಮನೇಲಿ.
ಸೈರನ್ನು ಕೂಗ್ತು ಅಂದ್ರೆ ಆಟ ಮುಗೀತು ಅಂತ ಲೆಕ್ಕ.
ಅವ್ವ ನಾಟಿ ಕಾಲಕ್ಕೆ ಹೊಳಲು ಕಡೆ ಕೂಲಿಗೆ ಹೋಗೋಳು,
ಸೆರಗು ಹಿಡ್ಕೊಂಡು ನಾನೂ.
ಒಟ್ಲಿಂದ ಪೈರು ಕಿತ್ತು, ಕೆಸರಲ್ಲಿ ಹಿಂದಿಂದಕ್ಕೆ ಸರೀತಾ
ಬಗ್ಗಿದ್ರೆ ಬಗ್ಗಿದ್ದೇ,
ಮಡಿ ಮುಗಿಯೋವರ್ಗೂ ತಲೆ ಎತ್ತಂಗಿಲ್ಲ.
ಕ್ಯಾಂಪಲ್ಲಿ ಕೋಚು, ಪಂಜಾಬಿನೋರು, ಕೇಳಿದ್ರು,
ಈ ಬಗ್ಗೋದು ಎಲ್ಲಿ ಕಲ್ತೆ ನೀನು?
ನಂಗೆ ಹಿಂದಿ ಬರ್ತಿರ್ಲಿಲ್ಲ. ನಕ್ಕೆ.

ಹಾಲೆಂಡಲ್ಲಿ ಮೊದಲ್ನೇ ಸಲ ಆ ಪ್ಲಾಸ್ಟಿಕ್ ಹುಲ್ಲು ನೋಡ್ದೆ.
ಮ್ಯಾಚಿಗೆ ಮುಂಚೆ ಪೈಪು ಬಿಟ್ಟು ನೀರು ಕುಡಿಸ್ತಾವ್ರೆ ಅದಕ್ಕೆ!
ಏನೂ ಬೆಳೆಯಲ್ಲವಲ್ಲ, ಯಾಕೆ ಅಂದೆ.
ಆ ನೀರಲ್ಲಿ ನಮ್ಮೋರು ಎರಡು ಮಡಿ ನಾಟಿ ಮುಗಿಸೋರು.
ಆದರೆ ಚೆಂಡು, ಅಪ್ಪಾ, ಚೆಂಡು ಅದರ ಮೇಲೆ
ಕಾದ ಕಾವಲಿ ಮೇಲೆ ನೀರಿನ ಹನಿ ಓಡ್ದಂಗೆ ಓಡ್ತು.
ಫ್ಯಾಕ್ಟರಿ ಮೈದಾನದ ಕಬ್ಬಿನ ಸಿಪ್ಪೆ, ಗಾಡಿ ಚಕ್ರದ ಗುಂಡಿ,
ಅದರ ನಡುವೆ ನೆಟ್ಟಗೆ ತಳ್ಳೋಕೆ ಕಲಿತೋಳಿಗೆ
ಇದೊಂದು ಕಷ್ಟವಾ?

ಮೈಕಿನೋನು ತಾಯಮ್ಮ ಅನ್ನಕ್ಕೆ ಬರ್ದೆ ಟಯಾಮಾ ಅಂದ.
ಜಪಾನಿನೋಳು ಅನ್ಕೊಂಡ್ರಂತೆ ಕೆಲವ್ರು.
ಆವತ್ತು ಆರು ಸಲ ತಳ್ದೆ. ಎರಡು ಗೋಲು.
ಎರಡೂ ರಾಂಚಿ ಕಡೆಯ ಫುಲ್ಮನಿ ಹೊಡೆದಿದ್ದು.
ರಾತ್ರಿ ರೂಮಲ್ಲಿ ಬೂಟು ಬಿಚ್ತಾ ಅಂದ್ಳು,
ಅರ್ಧ ನಿಂದು, ತಗೋ.
ಅರ್ಧ ಗೋಲನ್ನ ಯಾವ ಪುಸ್ತಕದಲ್ಲೂ ಬರೆಯಲ್ಲ.
ಫುಲ್ಮನಿ ಹೋಗಿ ಒಂಬತ್ತು ವರ್ಷ ಆಯ್ತು.

ಆಟ ನಿಂತ ಮೇಲೆ ರೈಲ್ವೆಯ ಕಪ್ಪು ಕೋಟು.
ಮೈಸೂರು ಪ್ಯಾಸೆಂಜರಲ್ಲಿ ಟಿಕೆಟ್ ನೋಡ್ತಾ ನೋಡ್ತಾ ಕೂದ್ಲು ಬೆಳ್ಳಗಾಯ್ತು.
ಒಂದು ಕಾಲು ಬಾಗಿಲೊಳಗೆ, ಒಂದು ಕಾಲು ಪ್ಲಾಟ್‌ಫಾರಮ್ಮಲ್ಲಿ.
ನಂಗೇನು ಹೊಸದಾ ಅದು.
ಟಿಕೆಟ್ ಇಲ್ಲದ ಹುಡುಗ್ರು ಎಲಿಯೂರಲ್ಲಿ ಹಾರಿ ಓಡೋರು.
ಹಿಡಿಯೋಕೆ ಆಗ್ತಿರಲಿಲ್ಲ ಅಂತಲ್ಲ.
ಓಡೋದು ನೋಡೋಕೆ ಚೆನ್ನಾಗಿರೋದು.

ಹೋದ ತಿಂಗಳು ಮೈಸೂರಿನ ದೊಡ್ಡಾಸ್ಪತ್ರೆಗೆ ಹೋಗಿದ್ದೆ,
ಸೊಂಟ ತೋರಿಸೋಕೆ.
ಚಿಕ್ಕ ಡಾಕ್ಟ್ರು, ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ.
ಎಕ್ಸ್‌ರೇ ಬೆಳಕಿಗೆ ಹಿಡಿದು ಬೆರಳಿಟ್ಟ,
ನೋಡಿ, ಇಲ್ಲಿ ಸವೆದೋಗಿದೆ,
ಗದ್ದೆ ಕೆಲಸದೋರ ಬೆನ್ನು ಹಿಂಗೇ ಇರ್ತದೆ.
ಎಷ್ಟು ವರ್ಷ ನಾಟಿ ಹಾಕಿದ್ರಿ ಅಮ್ಮ?

ಹದಿನಾಲ್ಕು, ಅಂದೆ.

ಸುಳ್ಳು ಅಂತ ಅನ್ನಿಸ್ಲಿಲ್ಲ.
ಇದನ್ನ ಬರ್ಕೋಬ್ಯಾಡ.
ಟೀ ಆರೋಯ್ತು ನೋಡು, ಕುಡಿ.