ದೀಪ ಹಚ್ಚಿದ ಮೇಲೆ ಹೆಪ್ಪು

ಸೋಮವಾರ ಬೆಳಿಗ್ಗೆ ಏಳೂವರೆಗೆ
ಇಲಿಗಳ ತೂಕ.
ಮೈಸೂರಿನ ಈ ಪ್ರಾಣಿಮನೆಗೆ ಕಿಟಕಿಯಿಲ್ಲ.
ಹನ್ನೆರಡು ಗಂಟೆ ಹಗಲು, ಹನ್ನೆರಡು ಗಂಟೆ ಇರುಳು,
ಎರಡೂ ಒಂದೇ ಸ್ವಿಚ್ಚಿನ ಕೈಯಲ್ಲಿ.
ನಂಜರಾಜೇ ಅರಸು ಬಾಲದ ಬುಡ ಹಿಡಿದು
ಒಂದೊಂದನ್ನೇ ತಕ್ಕಡಿಗೆ ಇಳಿಸುತ್ತಾರೆ,
ಮದುವೆಮನೆಯಲ್ಲಿ ಎಲೆಗೆ ಲಾಡು ಬಡಿಸುವ ಹಾಗೆ, ಮೆಲ್ಲಗೆ.
ಅವರು ಹೇಳಬೇಕು, ನಾನು ಬರೆಯಬೇಕು:
ಇನ್ನೂರ ನಲವತ್ತೊಂದು. ಇನ್ನೂರ ಮೂವತ್ತೆಂಟು.
"ಇವನನ್ನ ನೋಡಿ ಮೇಡಂ, ಹದಿನಾಲ್ಕನೆಯವನು,
ಮೊಸರಿನ ಹುಳ ತಿಂದೂ ಹೊಟ್ಟೆ ಬಿಟ್ಟಿದ್ದಾನೆ."

ಮೊದಲ ಸಾಲಿನ ಪಂಜರಗಳಿಗೆ ಬರೀ ಹಿಟ್ಟಿನುಂಡೆ.
ಎರಡನೆಯದಕ್ಕೆ ಉಂಡೆ, ಡಾಲ್ಡಾ, ಚಿಟಿಕೆ ಕೊಲೆಸ್ಟ್ರಾಲ್ ಪುಡಿ.
ಮೂರನೆಯದಕ್ಕೆ ಅದೆಲ್ಲದರ ಮೇಲೆ ನಮ್ಮ ಬ್ಯಾಕ್ಟೀರಿಯಾ,
ಒಂದು ಮಿಲಿಲೀಟರಿನಲ್ಲಿ ನೂರು ಕೋಟಿ,
ದಿನವೂ ಒಂದು ದೇಶವೇ
ಇಲಿಯ ಗಂಟಲಿಳಿದಂತೆ.

ಅವುಗಳ ತವರು ನಗುವನಹಳ್ಳಿ.
ಹೋದ ವರ್ಷ ಐಸ್ ಪೆಟ್ಟಿಗೆ ಹಿಡಿದು
ದೊಡ್ಡತಾಯಮ್ಮನ ಬಾಗಿಲಲ್ಲಿ ನಿಂತಾಗ ದೀಪ ಹಚ್ಚಿಯಾಗಿತ್ತು.
"ವೊತ್ತು ಮುಳುಗಿದ್ಮೇಲೆ ಎಪ್ಪು ಕೊಡಾಕಿಲ್ಲ ಕನವ್ವ."
ಹುಳ ಹುಡುಕೋಕೆ ಅಂತ ನಾನಂದದ್ದು ಇನ್ನೂ ದೊಡ್ಡ ತಪ್ಪು.
"ನನ್ ಮೊಸ್ರಲ್ಲಿ ಉಳವಾ?
ನಲವತ್ತು ವರ್ಸದಿಂದ ಈ ಬೀದಿಗೆಲ್ಲ ನಂದೇ ಎಪ್ಪು,
ಯಾರೊಟ್ಟೇಲಿ ಉಳ ಕಂಡ್ಯವ್ವ ನೀನು?"
ಕಂಡಿಲ್ಲ ಅಂದೆ.
ಕಣ್ಣಿಗೆ ಕಾಣೋದಿಲ್ಲ ಅಂದೆ.
ಇದ್ದರೆ ಒಳ್ಳೇದು ಅಂದೆ.
ಕೊನೆಗೆ ಒಂದು ಕಲ್ಲುಪ್ಪು ಹಾಕಿ ಕೊಟ್ಟಳು, ದೋಷ ತಟ್ಟದಿರಲಿ ಅಂತ.
ಆ ಕಲ್ಲನ್ನೂ ಪ್ರಯೋಗದ ಪುಸ್ತಕದಲ್ಲಿ ಬರೆದಿದ್ದೇನೆ.

ಅವು ಮಾಡುವುದು ಇಷ್ಟೇ:
ಕರುಳಿಗೆ ಇಳಿದ ಪಿತ್ತರಸದ ಗಂಟು ಬಿಚ್ಚುವುದು.
ಗಂಟು ಬಿಚ್ಚಿದ್ದರಲ್ಲಿ ಬಹುಪಾಲು ಮನೆಗೆ ಮರಳುವುದಿಲ್ಲ,
ಹಿಕ್ಕೆಯ ಜೊತೆ ಹೊರಗೆ.
ಪಿತ್ತಜನಕಾಂಗ ಕಾಯುತ್ತದೆ, ಬರಲಿಲ್ಲ.
ಹೊಸದು ಮಾಡಬೇಕು, ಸಾಮಾನು ಬೇಕು,
ರಕ್ತದಲ್ಲಿ ಸುಮ್ಮನೆ ಅಲೆಯುತ್ತಿದ್ದ ಕೊಲೆಸ್ಟ್ರಾಲನ್ನೇ
ಕೂಗಿ ಕರೆದು ಕೆಲಸಕ್ಕೆ ಹಚ್ಚುತ್ತದೆ.
ಹೀಗೆ ಅಂತ ನಾವು ಅಂದುಕೊಂಡಿದ್ದೇವೆ.
ಹದಿನಾಲ್ಕನೆಯವನು ಏನಂದುಕೊಂಡನೋ,
ಪಂಜರದ ಮೂಲೆಯಲ್ಲಿ ಮೀಸೆ ತೊಳೆಯುತ್ತಾ ಕೂತಿದ್ದ.

ಎಂಟನೆಯ ವಾರ ಮುಗಿಯಿತು.
ಹಿಂದಿನ ರಾತ್ರಿಯಿಂದ ಯಾರಿಗೂ ಊಟವಿಲ್ಲ,
ಬೆಳಿಗ್ಗೆ ಅರಸು ಅವರಿಗೂ ಇಲ್ಲ.
ಇಡ್ಲಿಯ ಡಬ್ಬಿ ಮುಂದಿಟ್ಟರೆ
"ಅವಕ್ಕೂ ಕೊಟ್ಟಿಲ್ಲವಲ್ಲ ಮೇಡಂ" ಅಂದರು,
ಕೈಗವಸು ಹಾಕಿಕೊಂಡರು.
ಮಧ್ಯಾಹ್ನದ ಹೊತ್ತಿಗೆ ಪಂಜರಗಳೆಲ್ಲ ಬಾಗಿಲು ತೆರೆದು
ತೊಟ್ಟಿಯ ಬಳಿ ಬೋರಲಾಗಿದ್ದವು.

ಎರಡನೆಯ ಸಾಲಿನ ಪಿತ್ತಜನಕಾಂಗ ಬೆಣ್ಣೆ ಬಳಿದಂಥ ಹಳದಿ.
ಮೂರನೆಯ ಸಾಲಿನದು ಕೆಂಪಿಗೆ ಹತ್ತಿರ.
ತೂಕ ಇಳಿದಿದೆಯೇ ಅಂದರೆ, ಕೆಲವರದು, ಅಷ್ಟಿಷ್ಟು.
ಹದಿನಾಲ್ಕನೆಯವನದು ಒಂದು ಗ್ರಾಮೂ ಇಲ್ಲ.
ಆದರೆ ಅವನ ರಕ್ತ,
ಎರಡು ಸಲ ಅಳೆದೆ, ಮೂರನೆಯ ಸಲವೂ ಅಳೆದೆ,
ಎಲ್ಲರಿಗಿಂತ ತಿಳಿ.
ಎಂಟು ವಾರ ತಕ್ಕಡಿ ಅವನ ಮೇಲೆ ಚಾಡಿ ಹೇಳಿತ್ತು,
ನಾವಿಬ್ಬರೂ ನಕ್ಕಿದ್ದೆವು.

ಮೊನ್ನೆ ನಗುವನಹಳ್ಳಿಗೆ ಹೋಗಿದ್ದೆ, ಬಿಸಿಲಿದ್ದಾಗಲೇ.
"ಏನಾಯ್ತವ್ವ ನಿನ್ ಉಳ?"
ಒಳ್ಳೇದು ಮಾಡಿದವು ಅಂದೆ.
ಅವಳ ಮುಖ ಅರಳಿತು,
ಮೊಮ್ಮಗ ಪಾಸಾದನೆಂದು ಕೇಳಿದವಳ ಹಾಗೆ.
ಲೋಟದ ತುಂಬ ಮಜ್ಜಿಗೆ ತಂದಿಟ್ಟು
ಸೆರಗಿನಲ್ಲಿ ಕೈ ಒರೆಸುತ್ತಾ ಕೇಳಿದಳು:
"ಅಂಗಾರೆ ಆ ಇಲಿಗೋಳು ಈಗ ಚೆಂದಾಗವಾ?"

ನಾನು ಲೋಟ ಎತ್ತಿದೆ.
ಕೆಳಗಿಡದೆ ಕುಡಿದೆ.
"ಉಪ್ಪು ಸಾಲ್ದಾಯ್ತಾ?" ಅಂದಳು,
ನನ್ನ ಮುಖ ನೋಡಿ.